ಟ್ಯಾಂಕ್ ಕೊಳ್ಳುವ ಮೊದಲು ವ್ಯಾನಿನ ಆರ್‌ಸಿ ನೋಡಿ

ಕಿಟಕಿ ಗಾಜು ತೊಳೆಯುವ ಕೆಲಸಕ್ಕೆ ವ್ಯಾನ್ ಸಜ್ಜುಗೊಳಿಸುವವರು ನೀರಿನ ಟ್ಯಾಂಕಿನ ಗಾತ್ರವನ್ನು ಹಿಂಬದಿಯ ಜಾಗ ನೋಡಿ ನಿರ್ಧರಿಸಬಾರದು. ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ನಮೂದಾದ ಒಟ್ಟು ತೂಕದಿಂದ, ಅಂದರೆ ಭಾರ ಸಮೇತ ವ್ಯಾನ್ ತೂಗಬಹುದಾದ ಗರಿಷ್ಠ ಮಿತಿಯಿಂದ, ಖಾಲಿ ವಾಹನದ ತೂಕವನ್ನೂ, ಅನಂತರ ಚಾಲಕ, ಸಹಾಯಕ, ಪಂಪು, ಬ್ಯಾಟರಿ, ಪೈಪು, ಏಣಿ ಮತ್ತು ಖಾಲಿ ಟ್ಯಾಂಕಿನ ಭಾರವನ್ನೂ ಕಳೆದಾಗ ಎಷ್ಟು ಕಿಲೋ ಉಳಿಯುತ್ತದೆಯೋ, ಹೆಚ್ಚೆಂದರೆ ಅಷ್ಟೇ ಲೀಟರ್ ನೀರು ಒಯ್ಯಬಹುದು. ಒಂದು ಲೀಟರ್ ನೀರು ಒಂದು ಕಿಲೋ ತೂಗುವುದರಿಂದ 500 ಲೀಟರ್ ಎಂದರೆ ಅರ್ಧ ಟನ್ ಭಾರ, ಆದ್ದರಿಂದ ಸಣ್ಣ ವ್ಯಾನುಗಳಲ್ಲಿ ಜಾಗ ತುಂಬುವುದಕ್ಕೆ ಬಹಳ ಮೊದಲೇ ತೂಕದ ಮಿತಿ ಮುಗಿದಿರುತ್ತದೆ. ಬ್ರೇಕ್ ಹಾಕಿದಾಗ ಅರ್ಧ ತುಂಬಿದ ಟ್ಯಾಂಕಿನ ನೀರು ರಭಸದಿಂದ ಮುಂದಕ್ಕೆ ನುಗ್ಗುವುದರಿಂದ, ಬೆಲೆ ಹೆಚ್ಚಾದರೂ ಒಳಗೆ ಅಡ್ಡತಡೆಗಳಿರುವ ಟ್ಯಾಂಕನ್ನೇ ದಯವಿಟ್ಟು ಆರಿಸಿ. ಅದನ್ನು ಹಿಂದಿನ ಆಕ್ಸಲ್‌ನ ಆಚೆಗೆ ಕೂರಿಸಿದರೆ ಮುಂದಿನ ಚಕ್ರಗಳು ಹಗುರಾಗಿ ಸ್ಟೇರಿಂಗ್ ಹಿಡಿತ ಕುಗ್ಗುತ್ತದೆ. ನೋಂದಣಿಯ ನಂತರ ವ್ಯಾನಿಗೆ ಕಬ್ಬಿಣದ ಚೌಕಟ್ಟು, ರ‍್ಯಾಕ್ ಸೇರಿಸಿದ್ದರೆ ಈ ಲೆಕ್ಕ ತಪ್ಪುತ್ತದೆ. ಆಗ ವೇಬ್ರಿಡ್ಜ್‌ನಲ್ಲಿ ತೂಗಿಸುವುದೊಂದೇ ದಾರಿ. ಬೆಂಗಳೂರಿನ ಹಲವು ಬಡಾವಣೆಗಳಂತೆ ಗಾಜಿನ ಮೇಲೆ ಬಿಳಿ ಕಲೆ ಉಳಿಸುವ ಗಡಸು ಬೋರ್‌ವೆಲ್ ನೀರಷ್ಟೇ ಸಿಗುವಲ್ಲಿ ಶುದ್ಧೀಕರಿಸಿದ ನೀರನ್ನು ಮನೆಯಿಂದಲೇ ಒಯ್ಯಬೇಕಾಗುತ್ತದೆ. ಅಂಥ ಕೆಲಸಕ್ಕೆ ಲೆಕ್ಕದ ನೀರು ಸಾಲದಿದ್ದರೆ ದೊಡ್ಡ ವ್ಯಾನನ್ನೇ ಕೊಳ್ಳಬೇಕೇ ಹೊರತು ಅದೇ ವ್ಯಾನಿಗೆ ದೊಡ್ಡ ಟ್ಯಾಂಕನ್ನಲ್ಲ.