ಕ್ಲೌಡ್‌ವಾಚ್‌ನಿಂದ ಖಾಲಿ ಬರುತ್ತಿದ್ದ ಮೆಮೊರಿ ಅಂಕಿಗಳು: ನನ್ನ ಅನುಭವ

ಸರ್ವರ್‌ಗಳ ಮೇಲೆ ನಿಗಾ ಇಡುವ ಸೇವೆಯಾದ ಅಮೆಜಾನ್ ಕ್ಲೌಡ್‌ವಾಚ್‌ನಲ್ಲಿ ಸಂಗ್ರಹವಾಗುತ್ತಿದ್ದ ನಮ್ಮ ಸರ್ವರ್‌ಗಳ ಮೆಮೊರಿ ಬಳಕೆಯ ಅಂಕಿಗಳನ್ನು ಪೈಥಾನ್‌ನ ಬೋಟೋ3 ಲೈಬ್ರರಿಯ ಮೂಲಕ ಪಡೆಯಲು ನಾನು ಬರೆದ ಸ್ಕ್ರಿಪ್ಟ್, ಯಾವ ದೋಷಸಂದೇಶವನ್ನೂ ಕೊಡದೆ, ಪ್ರತಿ ಸಲವೂ ಖಾಲಿ ಪಟ್ಟಿಯನ್ನಷ್ಟೇ ತರುತ್ತಿತ್ತು. ಅದೇ ಸ್ಕ್ರಿಪ್ಟ್ ಸಿಪಿಯು ಬಳಕೆಯನ್ನು ಸರಿಯಾಗಿ ತೋರಿಸುತ್ತಿದ್ದುದರಿಂದ ಅನುಮತಿಯಲ್ಲಾಗಲಿ ರೀಜನ್‌ನಲ್ಲಾಗಲಿ (ಸರ್ವರ್‌ಗಳಿರುವ ಭೌಗೋಳಿಕ ವಲಯ) ತಪ್ಪಿಲ್ಲವೆಂಬುದು ಖಚಿತವಾಗಿತ್ತು.

ಕಾರಣ ಡೈಮೆನ್ಶನ್‌ಗಳಲ್ಲಿ, ಅಂದರೆ ಅಂಕಿಗಳು ಯಾವುದಕ್ಕೆ ಸೇರಿದವೆಂದು ಗುರುತಿಸುವ ಹೆಸರು-ಮೌಲ್ಯದ ಜೋಡಿಗಳಲ್ಲಿತ್ತು. ಡೈಮೆನ್ಶನ್‌ಗಳ ಪ್ರತಿಯೊಂದು ಸಂಯೋಜನೆಯನ್ನೂ ಕ್ಲೌಡ್‌ವಾಚ್ ಬೇರೆಯೇ ಮೆಟ್ರಿಕ್ (ಅಳತೆ) ಎಂದು ಪರಿಗಣಿಸುತ್ತದೆ. ನಮ್ಮ ಸರ್ವರ್‌ಗಳಲ್ಲಿದ್ದ, ಅಂಕಿಗಳನ್ನು ಕಳುಹಿಸುವ ಪ್ರೋಗ್ರಾಂ ಆದ ಏಜೆಂಟ್, ಇನ್‌ಸ್ಟೆನ್ಸ್ ಐಡಿಯ (ಸರ್ವರ್‌ನ ಗುರುತು) ಜೊತೆಗೆ ಇಮೇಜ್ ಐಡಿ, ಇನ್‌ಸ್ಟೆನ್ಸ್ ಟೈಪ್‌ಗಳನ್ನೂ ಸೇರಿಸಿ ಕಳುಹಿಸುತ್ತಿತ್ತು. ನಾನು ಮಾತ್ರ ಇನ್‌ಸ್ಟೆನ್ಸ್ ಐಡಿಯೊಂದನ್ನೇ ಕೊಟ್ಟು ಕೇಳುತ್ತಿದ್ದೆ. ಭಾಗಶಃ ಹೊಂದಿಕೆಯಾದರೆ ಸಾಲದು. ಆದ್ದರಿಂದ ಮೊದಲು, ಇರುವ ಮೆಟ್ರಿಕ್‌ಗಳ ಪಟ್ಟಿ ಕೊಡುವ ಲಿಸ್ಟ್‌ಮೆಟ್ರಿಕ್ಸ್ ಕರೆಯಲ್ಲಿ ಇನ್‌ಸ್ಟೆನ್ಸ್ ಐಡಿಯಿಂದ ಹುಡುಕಿ, ಅದು ಕೊಡುವ ಡೈಮೆನ್ಶನ್‌ಗಳ ಪೂರ್ಣ ಗುಂಪನ್ನು ಹಾಗೆಯೇ ಮುಂದಿನ ಕರೆಗೆ ದಾಟಿಸುವಂತೆ ತಿದ್ದಿದೆ. ಅಂಕಿಗಳು ಕೂಡಲೇ ಬಂದವು. ಈ ಹೆಜ್ಜೆಯನ್ನು ಯಾರೂ ಬಿಡಬಾರದೆಂಬುದು ನನ್ನ ದೃಢ ಅಭಿಪ್ರಾಯ.

ಬಳಿಕ ಒಂದು ವಾರದ ನಿಮಿಷವಾರು ಅಂಕಿಗಳನ್ನು ಕೇಳಿದಾಗ ಇನ್ನೊಂದು ತಡೆ ಎದುರಾಯಿತು. ಅಂಕಿಗಳನ್ನು ತರಲು ನಾನು ಬಳಸುತ್ತಿದ್ದ ಗೆಟ್‌ಮೆಟ್ರಿಕ್‌ಸ್ಟ್ಯಾಟಿಸ್ಟಿಕ್ಸ್ ಒಂದು ಕರೆಗೆ 1,440 ಬಿಂದುಗಳನ್ನು, ಅಂದರೆ ಸರಿಯಾಗಿ ಒಂದು ದಿನದಷ್ಟನ್ನು ಮಾತ್ರ ಕೊಡುತ್ತದೆ. ಅವು ಕಾಲಕ್ರಮದಲ್ಲಿರುತ್ತವೆಂಬ ಖಾತರಿಯೂ ಇಲ್ಲ. ಗೆಟ್‌ಮೆಟ್ರಿಕ್‌ಡೇಟಾ ಕರೆಗೆ ಬದಲಾಯಿಸಿ, ಮುಂದಿನ ಕಂತನ್ನು ಕೇಳಲು ಅದು ಕೊಡುವ ನೆಕ್ಸ್ಟ್‌ಟೋಕನ್ ಮುಗಿಯುವವರೆಗೆ ಓದುವಂತೆ ಮಾಡಿದ ಮೇಲೆ ವಾರದ ಅಂಕಿಗಳೆಲ್ಲವೂ ಕ್ರಮವಾಗಿ ದೊರೆತವು.