ಫೀಚರ್ ಕೂಡಿಸುವ ಮುಂಚೆ ಮರ ಬರೆಯಿರಿ

ಒಂದು ಫೀಚರ್‌ನ, ಅಂದರೆ ಪ್ರೋಗ್ರಾಂಗೆ ಹೊಸದಾಗಿ ಸೇರಿಸುವ ಸೌಲಭ್ಯದ, ಕೋಡ್ ಜಾವಾದಲ್ಲಿ ಸ್ವಲ್ಪ, ಹ್ಯಾಸ್ಕೆಲ್‌ನಲ್ಲಿ ಸ್ವಲ್ಪ, ಎಕ್ಸ್‌ಎಂಎಲ್‌ನಲ್ಲಿ ಸ್ವಲ್ಪ ಇದೆ ಅಂದುಕೊಳ್ಳಿ. ಬೇಸ್ ಪ್ರೋಗ್ರಾಂಗೆ ಅದನ್ನು ಕೂಡಿಸಬೇಕು. ಭಾಷೆಗೊಂದು ಟೂಲ್ ಬರೆಯಲು ಹೊರಡಬೇಡಿ. ನಾನು ಮೊದಲು ಪೆನ್ಸಿಲ್ ಹಿಡಿದು, ಕೋಡ್‌ನಲ್ಲಿ ಯಾವುದರೊಳಗೆ ಯಾವುದಿದೆ ಅಂತ ತೋರಿಸುವ ಮರ ಬರೆಯುತ್ತೇನೆ.

ಕೋಡ್‌ನ ಪ್ರತಿ ಸಾಲನ್ನೂ ಬಿಡಿಸಿ ತೋರಿಸುವ ಪೂರ್ತಿ ಸಿಂಟ್ಯಾಕ್ಸ್ ಟ್ರೀ ಬೇಡ. ಪ್ಯಾಕೇಜ್, ಅದರೊಳಗೆ ಬಫರ್ ಕ್ಲಾಸ್, ಅದರೊಳಗೆ ಫೀಲ್ಡ್, ಮೆಥಡ್. ಅಷ್ಟು ಸಾಕು. ಇವು ಒಂದೊಂದೂ ಮರದ ಒಂದು ನೋಡ್, ತುದಿಯಲ್ಲಿರುವುದು ಎಲೆ. ಮೆಥಡ್ ಒಳಗಿನ ಸಾಲುಗಳು ಎಲೆಯಲ್ಲಿ ಹಾಗೇ ಇರಲಿ. ಈಗ ಬೇಸ್‌ನ ಮರ, ಫೀಚರ್‌ನ ಮರ ಎರಡನ್ನೂ ಒಂದರ ಮೇಲೊಂದು ಇಡಿ. ಹೆಸರು ಒಂದೇ, ಬಗೆ ಒಂದೇ, ಮೇಲಿನ ನೋಡ್‌ಗಳೂ ಆಗಲೇ ಕೂಡಿವೆ ಅಂದರೆ ಅವೆರಡೂ ಒಂದಾಗುತ್ತವೆ. ಜೋಡಿ ಸಿಗದ್ದು ತಾನಾಗಿ ಬಂದು ಸೇರುತ್ತದೆ. ಇದಕ್ಕೆ ಸೂಪರ್‌ಇಂಪೊಸಿಷನ್ ಅನ್ನುತ್ತಾರೆ. ಸ್ವೆನ್ ಆಪೆಲ್, ಕ್ರಿಶ್ಚಿಯನ್ ಕೆಸ್ಟ್ನರ್, ಕ್ರಿಶ್ಚಿಯನ್ ಲೆಂಗವರ್ 2009ರಲ್ಲಿ ಮುಂದಿಟ್ಟ ಫೀಚರ್‌ಹೌಸ್ ಎಂಬ ಟೂಲ್ ಇದೇ ದಾರಿಯಲ್ಲಿ ಜಾವಾ, ಸಿ ಶಾರ್ಪ್, ಸಿ, ಹ್ಯಾಸ್ಕೆಲ್ ಎಲ್ಲವನ್ನೂ ನಿಭಾಯಿಸಿತು.

ಜಾಸ್ತಿ ಹೊತ್ತು ಹೆಸರಿಗೆ ಕೊಡಿ. ಒಂದು ನೋಡ್ ಕೆಳಗೆ ಒಂದೇ ಹೆಸರಿನವು ಎರಡು ಇರಕೂಡದು. ನಾನೊಮ್ಮೆ ಮೆಥಡ್ ನೋಡ್‌ಗೆ ಸುಮ್ನೆ 'ಪುಟ್' ಅಂತ ಹೆಸರಿಟ್ಟಿದ್ದೆ. ಬಫರ್‌ನಲ್ಲಿ ಇಂಟ್ ತೆಗೆದುಕೊಳ್ಳುವ ಪುಟ್ ಇತ್ತು, ಸ್ಟ್ರಿಂಗ್ ತೆಗೆದುಕೊಳ್ಳುವ ಪುಟ್ ಕೂಡ ಇತ್ತು. ಒಂದು ಇನ್ನೊಂದನ್ನು ನುಂಗಿತು. ನುಂಗಿಸಿಕೊಂಡಿದ್ದನ್ನು ಆ ಕೋಡ್‌ನಲ್ಲಿ ಯಾರೂ ಕರೆದಿರಲಿಲ್ಲ, ಹಾಗಾಗಿ ಕಂಪೈಲರ್ ಕೂಡ ತುಟಿ ಬಿಚ್ಚಲಿಲ್ಲ. ಅಂದಿನಿಂದ ಪ್ಯಾರಾಮೀಟರ್ ಟೈಪ್ ಕೂಡ ನನ್ನ ಹೆಸರಿನ ಭಾಗ. ಎಕ್ಸ್‌ಎಂಎಲ್‌ನಲ್ಲಿ ಟ್ಯಾಗ್ ಸಾಲದು, ಐಡಿ ಬೇಕು.

ಭಾಷೆ ಭಾಷೆಗೂ ಇರುವ ವ್ಯತ್ಯಾಸ ಕಾಣುವುದು ಎಲೆಯಲ್ಲಿ. ಜಾವಾದಲ್ಲಿ ಎರಡು ಮೆಥಡ್ ಬಾಡಿ ಎದುರಾದರೆ ಹೊಸದು ನಿಲ್ಲುತ್ತದೆ. ಅದರೊಳಗಿಂದ 'ಒರಿಜಿನಲ್' ಅಂತ ಹಳೆಯದನ್ನು ಕರೆಯಬಹುದು. ಅನ್‌ಡು ಫೀಚರ್‌ನ ಪುಟ್ ಎರಡೇ ಸಾಲು: ಹಳೆಯ ವ್ಯಾಲ್ಯೂ ಎತ್ತಿಡು, ಆಮೇಲೆ ಒರಿಜಿನಲ್ ಕರೆ. ಹ್ಯಾಸ್ಕೆಲ್‌ನಲ್ಲಿ ಹುಷಾರಾಗಿರಿ. ಅದು ಫಂಕ್ಷನ್‌ನ ಪ್ಯಾಟರ್ನ್‌ಗಳನ್ನು ಮೇಲಿನಿಂದ ಕೆಳಕ್ಕೆ ನೋಡುತ್ತದೆ. ಎಲ್ಲವನ್ನೂ ಹಿಡಿಯುವ ಸಾಲು ಮೇಲೇ ಇದ್ದರೆ, ಕೆಳಗೆ ಸೇರಿಸಿದ ಹೊಸ ಸಾಲಿನ ಸರದಿ ಬರುವುದೇ ಇಲ್ಲ, ಅಲ್ವಾ?

ಆಮೇಲೆ ಲೆಕ್ಕ ಪರೀಕ್ಷಿಸಿ. ಖಾಲಿ ಮರ ಕೂಡಿಸಿದರೆ ಏನೂ ಬದಲಾಗಬಾರದು. ಮೂರು ಫೀಚರ್ ಸಾಲಾಗಿ ಇದ್ದಾಗ, ಮೊದಲೆರಡನ್ನು ಮುಂಚೆ ಕೂಡಿಸಿದರೂ ಕೊನೆಯೆರಡನ್ನು ಮುಂಚೆ ಕೂಡಿಸಿದರೂ ಉತ್ತರ ಒಂದೇ ಬರಬೇಕು. ಬರದಿದ್ದರೆ ಎಲೆಗಳನ್ನು ಕೂಡಿಸುವ ನಿಯಮದಲ್ಲಿ ತಪ್ಪು ಹುಡುಕಿ. ಆದರೆ ಸಾಲನ್ನೇ ಹಿಂದುಮುಂದು ಮಾಡಿದರೆ ಉತ್ತರ ಬದಲಾಗಬಹುದು. ಲಾಗ್ ಅನ್ನುವ ಇನ್ನೊಂದು ಫೀಚರ್‌ನ ಪುಟ್ ಮೊದಲು ಒಂದು ಸಾಲು ಬರೆದಿಟ್ಟು ಆಮೇಲೆ ಒರಿಜಿನಲ್ ಕರೆಯುತ್ತದೆ ಅನ್ನಿ. ಅನ್‌ಡು ಕೂಡಿಸಿ ಅದರ ಮೇಲೆ ಲಾಗ್ ಕೂಡಿಸಿದರೆ, ಲಾಗ್ ಸಾಲು ಬಿದ್ದ ಮೇಲೆ ವ್ಯಾಲ್ಯೂ ಎತ್ತಿಡುತ್ತದೆ. ತಿರುಗಿಸಿದರೆ ಮೊದಲು ಎತ್ತಿಡುತ್ತದೆ. ಅಲ್ಲೇ ಎರರ್ ಬಂದರೆ ಲಾಗ್ ಸಾಲೇ ಇಲ್ಲ. ಯಾವುದು ಮೊದಲು ಅನ್ನುವುದನ್ನೂ ಕೋಡ್ ಜೊತೆಗೇ ಒಂದು ಫೈಲ್‌ನಲ್ಲಿ ಬರೆದಿಡಿ.