ಚಿಕ್ಕ ಮಕ್ಕಳಿರುವ ಮನೆಗೆ ನಾಯಿ ತಂದರೆ

ನಮ್ಮ ಶಿರಸಿ ಕಡೆ ತೋಟದ ಮನೆ ಅಂದರೆ ನಾಯಿ ಇದ್ದೇ ಇರುತ್ತದೆ. ಮಂಗ ಓಡಿಸಲು ಬೇಕು, ಹಂದಿ ಬಂದರೆ ಬೊಗಳಲು ಬೇಕು, ರಾತ್ರಿ ಯಾರಾದರೂ ದಣಪೆ (ಬೇಲಿಯ ಬಾಗಿಲು) ತೆಗೆದರೆ ಮನೆಯವರಿಗೆ ತಿಳಿಯಬೇಕು. ಈಗ ಬೆಂಗಳೂರಿನ ಕೆಲಸ ಮನೆಯಿಂದಲೇ ಮಾಡುತ್ತೇವೆ ಅಂತ ಊರಿಗೆ ಬಂದ ಮಕ್ಕಳು, ಸೊಸೆಯಂದಿರು ಕೇಳುವುದು ಒಂದೇ. ಎರಡು ವರ್ಷದ ಕೂಸು ಇದೆ, ನಾಯಿ ಇಟ್ಟುಕೊಳ್ಳಬಹುದಾ ಅಂತ. ಇಟ್ಟುಕೊಳ್ಳಿ. ಆದರೆ ನಾಯಿಗೆ ಬುದ್ಧಿ ಕಲಿಸುವ ಮೊದಲು ಕೂಸಿಗೆ ಕಲಿಸಿ, ಕೂಸಿಗೂ ಮೊದಲು ನೀವು ದೊಡ್ಡವರು ಕಲಿಯಿರಿ. ಮಕ್ಕಳನ್ನೂ ಮೊಮ್ಮಕ್ಕಳನ್ನೂ ನಾಯಿಯ ಜೊತೆಗೇ ಬೆಳೆಸಿದವಳು ನಾನು. ಮನೆಯ ನಾಯಿ ಮಗುವಿಗೆ ಕಚ್ಚಿತು ಅಂತ ಸುದ್ದಿ ಬಂದಲ್ಲೆಲ್ಲ ವಿಚಾರಿಸಿ ನೋಡಿದ್ದೇನೆ. ನಾಯಿ ಮೊದಲೇ ಏನೋ ಹೇಳಿರುತ್ತದೆ, ಯಾರೂ ಗಮನ ಕೊಟ್ಟಿರುವುದಿಲ್ಲ.

ಮೊದಲು ನಾಯಿಗೆ ಅಂತ ಒಂದು ಜಾಗ ಮಾಡಿ. ಜಗುಲಿಯ ತುದಿಯೋ, ಕೊಟ್ಟಿಗೆಗೆ ಹೋಗುವ ದಾರಿಯ ಮೂಲೆಯೋ, ಜನ ಜಾಸ್ತಿ ಓಡಾಡದ ಕಡೆ ಒಂದು ಹಲಗೆ, ಅದರ ಮೇಲೆ ಮಡಿಸಿದ ಗೋಣಿಚೀಲ. ಅಷ್ಟು ಸಾಕು. ಗೋಣಿಯ ಮೇಲೆ ನಾಯಿ ಮಲಗಿದ್ದರೆ ಮಕ್ಕಳು ಹತ್ತಿರ ಹೋಗಬಾರದು, ಇದು ನಮ್ಮ ಮನೆಯ ಕಾನೂನು. ದೂರದಿಂದ ಹೆಸರು ಹಿಡಿದು ಕರೆಯಬಹುದು. ಎದ್ದು ಬಂದರೆ ಆಟ, ಬರದಿದ್ದರೆ ಬಿಟ್ಟುಬಿಡಬೇಕು. ಮೂರು ವರ್ಷದ ಕೂಸಿಗೂ ಇದು ಅರ್ಥವಾಗುತ್ತದೆ. ಆದರೆ ಮನೆಯವರೆಲ್ಲ ಒಂದೇ ಮಾತು ಹೇಳಬೇಕು. ಅಮ್ಮ ಬೇಡ ಅಂದದ್ದನ್ನು ಅಪ್ಪ "ಏನಾಗೋದಿಲ್ಲ ಬಿಡೇ, ನಮ್ಮ ನಾಯಿ ಏನೂ ಮಾಡೋದಿಲ್ಲ" ಅಂದರೆ ಮುಗಿಯಿತು. ಉಣ್ಣುವಾಗ, ಮಲಗಿದ್ದಾಗ, ಮರಿ ಹಾಕಿದ್ದಾಗ, ಗಾಯವಾದಾಗ, ಈ ನಾಲ್ಕು ಹೊತ್ತಿನಲ್ಲಿ ಎಂಥ ಸಾಧು ನಾಯಿಯನ್ನೂ ನಂಬಬೇಡಿ.

ನಾಯಿಯ ಮೇಲೆ ಕುದುರೆ ಸವಾರಿ ಮಾಡಿಸಿ ಫೋಟೋ ತೆಗೆಯುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಅಪ್ಪಿಕೊಳ್ಳುವುದೂ ಹಾಗೇ. ನಮಗೆ ಅದು ಪ್ರೀತಿ, ನಾಯಿಗೆ ಕುತ್ತಿಗೆ ಹಿಡಿದ ಹಾಗೆ. ಆ ಫೋಟೋಗಳನ್ನೇ ಸರಿಯಾಗಿ ನೋಡಿ. ನಾಯಿ ಮುಖ ಆಚೆ ತಿರುಗಿಸಿರುತ್ತದೆ, ನಾಲಿಗೆಯಿಂದ ಮೂಗು ಸವರಿಕೊಳ್ಳುತ್ತಿರುತ್ತದೆ, ಕಣ್ಣಿನ ಬಿಳಿ ಕಾಣುತ್ತಿರುತ್ತದೆ. ನಿದ್ದೆ ಇಲ್ಲದೆ ಆಕಳಿಸುವುದೂ ಅದೇ ಸಾಲಿಗೆ ಸೇರಿದ್ದು. ಸಾಕು ನನ್ನ ಬಿಡಿ ಅಂತ ಹೇಳುವ ರೀತಿ ಅದು. ಆಗ ಕೂಸನ್ನು ಎತ್ತಿಕೊಂಡು ಈಚೆ ಬರಬೇಕು. ಅದಕ್ಕೂ ಆಗದಿದ್ದರೆ ನಾಯಿ ಗುರ್ ಅನ್ನುತ್ತದೆ. ಗುರ್ ಅಂದ ನಾಯಿಗೆ ದಯವಿಟ್ಟು ಹೊಡೆಯಬೇಡಿ. ಹೊಡೆದರೆ ನಾಯಿ ಗುರ್ ಅನ್ನುವುದನ್ನು ಬಿಡುತ್ತದೆ, ಕೂಸಿನ ಮೇಲಿನ ಸಿಟ್ಟನ್ನು ಬಿಡುವುದಿಲ್ಲ. ಮುಂದಿನ ಸಲ ಸದ್ದಿಲ್ಲದೆ ಬಾಯಿ ಹಾಕುತ್ತದೆ. ಇದು ಇದ್ದಕ್ಕಿದ್ದಂತೆ ಕಚ್ಚಿತು ಅಂತ ಆಮೇಲೆ ಎಲ್ಲರೂ ಹೇಳುತ್ತಾರೆ.

ಐದಾರು ವರ್ಷದವರೆಗೆ ಮಗು ಮತ್ತು ನಾಯಿ ಇಬ್ಬರನ್ನೇ ಬಿಟ್ಟು ಒಳಗೆ ಹೋಗಬೇಡಿ. ಹಾಲು ಉಕ್ಕುತ್ತಿದೆ, ಫೋನ್ ಬಂತು, ಒಂದು ನಿಮಿಷ ಅಲ್ವಾ ಅಂತ ಅನ್ನಿಸುತ್ತದೆ. ಹೋಗಲೇಬೇಕಾದರೆ ಇಬ್ಬರಲ್ಲಿ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ನಮ್ಮ ಅಡುಗೆಮನೆ ಬಾಗಿಲಿಗೆ ಮೊಣಕಾಲೆತ್ತರದ ಒಂದು ಹಲಗೆ ಅಡ್ಡ ಇಡುತ್ತೇವೆ. ಕೂಸು ಒಳಗೆ, ನಾಯಿ ಹೊರಗೆ. ಇಬ್ಬರಿಗೂ ಮುಖ ಕಾಣುತ್ತದೆ, ಯಾರೂ ಅಳುವುದಿಲ್ಲ.

ಬಾಣಂತನಕ್ಕೆ ಮಗಳು ಬರುವ ಮನೆಯಲ್ಲಿ ಇನ್ನೊಂದು ಕೆಲಸ ಇದೆ. ಆಸ್ಪತ್ರೆಯಿಂದ ಮಗು ಬರುವ ಮೊದಲೇ ಮಗುವಿಗೆ ಸುತ್ತಿದ ಒಂದು ಬಟ್ಟೆಯನ್ನು ತಂದು ನಾಯಿಗೆ ಮೂಸಲು ಕೊಡಿ. ಬಟ್ಟೆ ನಿಮ್ಮ ಕೈಯಲ್ಲೇ ಇರಲಿ, ಕಚ್ಚಿಕೊಂಡು ಓಡಲು ಬಿಡಬೇಡಿ. ಬಾಣಂತಿ ಕೋಣೆಗೆ ನಾಯಿ ಬರುವ ಹಾಗಿಲ್ಲ ಅಂತ ಮಾಡುವುದಿದ್ದರೆ ಎರಡು ತಿಂಗಳು ಮೊದಲೇ ಶುರು ಮಾಡಿ, ಇಲ್ಲದಿದ್ದರೆ ಈ ಕೂಸು ಬಂದದ್ದಕ್ಕೇ ನನ್ನನ್ನು ಹೊರಗೆ ಹಾಕಿದರು ಅಂತ ಅದಕ್ಕೆ ಅನ್ನಿಸುತ್ತದೆ. ಮಗುವಿಗೆ ಎಣ್ಣೆ ಹಚ್ಚಿ ಬಿಸಿಲಿಗೆ ಮಲಗಿಸಿದ ಹೊತ್ತಲ್ಲಿ ನಾಯಿಗೂ ಒಂದು ದೋಸೆ ಚೂರು ಕೊಟ್ಟು, ತಲೆ ಸವರಿ, ದೂರದಲ್ಲಿ ಕೂರಿಸಿ. ಕೂಸು ಇದ್ದಾಗ ತನಗೂ ಒಳ್ಳೆಯದಾಗುತ್ತದೆ ಅಂತ ಅದು ಬೇಗ ಕಲಿಯುತ್ತದೆ. ಮಗುವಿನ ಮುಖ, ಕೈ ನೆಕ್ಕಲು ಮಾತ್ರ ಬಿಡಬೇಡಿ.

ಊಟದ ವಿಷಯ. ಮಕ್ಕಳು ಕೂರುವ ಮೊದಲು ನಾಯಿಯ ಊಟ ಮುಗಿದಿರಲಿ, ದಿನವೂ ಒಂದೇ ಹೊತ್ತು, ಒಂದೇ ಜಾಗ. ಹೊಟ್ಟೆ ತುಂಬಿದ ನಾಯಿ ಕೂಸಿನ ಕೈಯ ತುತ್ತಿಗೆ ಬಾಯಿ ಹಾಕುವುದು ಕಡಿಮೆ. ಮಕ್ಕಳು ತಟ್ಟೆಯಿಂದ ಚೆಲ್ಲಿದ್ದನ್ನು ನಾಯಿಗೆ ಹಾಕುವ ರೂಢಿಯನ್ನೇ ಮಾಡಬೇಡಿ. ಬರೀ ಅನ್ನ ಮಜ್ಜಿಗೆಯಲ್ಲಿ ನಾಯಿ ಬದುಕುತ್ತದೆ, ಗಟ್ಟಿಯಾಗುವುದಿಲ್ಲ. ನಮ್ಮಂಥ ಮನೆಯಲ್ಲೂ ಬೇಯಿಸಿದ ಬೇಳೆ, ಮೊಸರು, ಅಂಗಡಿಯ ನಾಯಿ ಆಹಾರ ಸ್ವಲ್ಪ ಸೇರಿಸಬಹುದು, ಮೊಟ್ಟೆ ಆಗುವವರಿಗೆ ಇನ್ನೂ ಸುಲಭ. ಈರುಳ್ಳಿ ಬೆಳ್ಳುಳ್ಳಿ ಹಾಕಿದ ಹುಳಿ, ಸಾಂಬಾರು ಬೇಡ, ಅದು ನಾಯಿಯ ರಕ್ತ ಕೆಡಿಸುತ್ತದೆ. ಚಾಕೊಲೇಟ್ ವಿಷ. ದ್ರಾಕ್ಷಿ, ಒಣದ್ರಾಕ್ಷಿಯಿಂದ ಕಿಡ್ನಿ ಹಾಳಾಗುತ್ತದೆ, ಇದು ನಮ್ಮಲ್ಲಿ ತುಂಬ ಜನರಿಗೆ ಗೊತ್ತೇ ಇಲ್ಲ. ಕಾರ್ಯದ ಮನೆಯಲ್ಲಿ ಉಳಿದ ಪಾಯಸ, ಕೇಸರಿಬಾತನ್ನು ಪಾಪ ಅಂತ ನಾಯಿಗೆ ಸುರಿಯುತ್ತಾರಲ್ಲ, ಅದರಲ್ಲಿ ಇರುವುದು ಒಣದ್ರಾಕ್ಷಿಯೇ. ಮಾವಿನ ಕಾಲದಲ್ಲಿ ಮಕ್ಕಳು ಚೀಪಿ ಎಸೆದ ಗೊರಟನ್ನು ನಾಯಿ ನುಂಗಿದರೆ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕುಮಟಾ, ಅಂಕೋಲಾ, ಕಾರವಾರದ ಕಡೆಯವರು ಮೀನಿನ ಮುಳ್ಳು, ಬೇಯಿಸಿದ ಕೋಳಿ ಮೂಳೆ ಹಾಕಬೇಡಿ. ಬೆಂದ ಮೂಳೆ ಚೂಪಾಗಿ ಸೀಳುತ್ತದೆ.

ಇನ್ನು ಉಣುಗು, ಅಂದರೆ ರಕ್ತ ಹೀರುವ ಉಣ್ಣೆ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಲೇಬೇಕು. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಸಿದ್ದಾಪುರ ತಾಲೂಕಿನಲ್ಲಿ ಈಚಿನ ವರ್ಷಗಳಲ್ಲೂ ಕಂಡಿದೆ. ಅದನ್ನು ಹರಡುವುದು ಕಾಡಿನ ಉಣುಗು, ಅದರಲ್ಲೂ ಕಣ್ಣಿಗೆ ಸರಿಯಾಗಿ ಕಾಣದ ಮರಿಗಳು. ನವೆಂಬರ್‌ನಿಂದ ಮೇವರೆಗೆ ಅವುಗಳ ಕಾಟ. ನಾವು ಬೆಟ್ಟಕ್ಕೆ ದರಕು (ಉದುರಿದ ಒಣ ಎಲೆ) ಗುಡಿಸಲು ಹೋಗುವುದೂ ಅದೇ ಕಾಲದಲ್ಲಿ, ನಾಯಿ ಬಾಲ ಅಲ್ಲಾಡಿಸುತ್ತ ಹಿಂದೆ ಬರುವುದೂ ಆಗಲೇ. ಮನೆಗೆ ಬಂದ ನಾಯಿ ಸೀದಾ ಕೂಸಿನ ಹಾಸಿಗೆಗೆ ಹೋಗಿ ಮೈ ತಿಕ್ಕಿದರೆ ಏನಾದೀತು ಯೋಚನೆ ಮಾಡಿ. ಆ ತಿಂಗಳುಗಳಲ್ಲಿ ನಾಯಿಯನ್ನು ಬೆಟ್ಟಕ್ಕೆ ಕರೆದೊಯ್ಯಬೇಡಿ. ನೀವು ಹೋಗುವಾಗ ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಿ, ಕೂಸನ್ನು ಎತ್ತಿಕೊಳ್ಳುವುದು ಆಮೇಲೆ. ಹತ್ತಿರ ಎಲ್ಲಾದರೂ ಮಂಗ ಸತ್ತು ಬಿದ್ದಿದ್ದರೆ ನಾಯಿಯನ್ನಾಗಲಿ ಮಕ್ಕಳನ್ನಾಗಲಿ ಆ ಕಡೆ ಬಿಡದೆ ಆಸ್ಪತ್ರೆಗೆ ತಿಳಿಸಿ.

ನಾಯಿಯ ಮೈ ನೋಡುವುದಕ್ಕೆ ಸಂಜೆ ಹೊತ್ತು ಒಳ್ಳೆಯದು. ಕಿವಿಯ ಒಳಮಡಿಕೆ, ಕಿವಿಯ ಹಿಂದೆ, ಬೆಲ್ಟಿನ ಅಡಿ, ಕಂಕುಳು, ಬೆರಳಿನ ಸಂದು, ಬಾಲದ ಬುಡ. ಬೆರಳ ತುದಿಯಿಂದ ರೋಮದ ವಿರುದ್ಧ ಸವರುತ್ತ ಹೋಗಿ. ಸಣ್ಣ ಗಂಟು ಸಿಕ್ಕಿದರೆ ರೋಮ ಬಿಡಿಸಿ ನೋಡಿ. ಉಣುಗಾಗಿದ್ದರೆ ಚಿಮುಟದಿಂದ ಚರ್ಮಕ್ಕೆ ತೀರಾ ಹತ್ತಿರ ಹಿಡಿದು ನೆಟ್ಟಗೆ ಎಳೆಯಿರಿ, ತಿರುಚಬೇಡಿ. ತೆಗೆದದ್ದನ್ನು ಸೋಪಿನ ನೀರಿಗೆ ಹಾಕಿ. ಉಗುರಿನಲ್ಲಿ ಕುಕ್ಕಿ ಒಡೆಯುವ ಚಟ ನಮ್ಮ ಹಳಬರಿಗೆಲ್ಲ ಇದೆ, ಅದು ಬೇಡ, ಮಕ್ಕಳ ಮುಂದಂತೂ ಬೇಡವೇ ಬೇಡ, ನೋಡಿ ಅವರೂ ಕಲಿಯುತ್ತಾರೆ. ಸುಡುವುದು, ಸೀಮೆಎಣ್ಣೆ ಸುರಿಯುವುದು, ಹೊಗೆಸೊಪ್ಪಿನ ನೀರು ಹಚ್ಚುವುದು ಯಾವುದೂ ಬೇಡ. ನಾಯಿ ಮೈ ನೆಕ್ಕುತ್ತದೆ, ಮಕ್ಕಳು ನಾಯಿಯನ್ನು ಮುಟ್ಟುತ್ತಾರೆ. ದನಕ್ಕೆ ತಂದ ಉಣುಗಿನ ಔಷಧಿಯನ್ನು ಅಂದಾಜಿನಲ್ಲಿ ನಾಯಿಗೆ ಹಾಕಬೇಡಿ. ಪಶು ವೈದ್ಯರನ್ನು ಕೇಳಿ, ನಾಯಿಯ ತೂಕ ಹೇಳಿ ತನ್ನಿ, ಹಾಕಿದ ಮೇಲೆ ಮೈ ಪೂರ್ತಿ ಒಣಗುವವರೆಗೆ ಮಕ್ಕಳಿಂದ ದೂರ ಕಟ್ಟಿ.

ಮಳೆಗಾಲ ಬಂತು ಅಂದರೆ ಒದ್ದೆ ನಾಯಿಯ ವಾಸನೆ, ಅಂಗಳದ ರಾಡಿ, ಉಂಬಳ (ಜಿಗಣೆ). ಬಾಗಿಲ ಹತ್ತಿರ ಒಂದು ಹಳೆಯ ಪಂಚೆ ಇಟ್ಟು ಕಾಲು ಒರೆಸಿಯೇ ಜಗುಲಿಗೆ ಬಿಡಿ. ಗೋಣಿಗಳು ಮೂರಾದರೂ ಇರಲಿ, ಒಂದನ್ನು ಬಚ್ಚಲ ಒಲೆಯ ಹತ್ತಿರ ಒಣಗಿಸುತ್ತ ಇದ್ದರೆ ಇನ್ನೊಂದು ಬಳಕೆಗೆ ಸಿಗುತ್ತದೆ. ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುವ ದಿನ ಮಾತ್ರ ನಾಯಿಯನ್ನು ಕಟ್ಟಲೇಬೇಕು, ಮಕ್ಕಳನ್ನು ಒಳಗೆ ಇರಿಸಿಕೊಳ್ಳಲೇಬೇಕು. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರು ಕಲಸಿ ಇಟ್ಟ ಡ್ರಮ್ಮಿನಲ್ಲಿ ನೀಲಿ ನೀರು ಚಂದ ಕಾಣುತ್ತದೆ, ಮಗು ಕೈ ಅದ್ದುತ್ತದೆ, ನಾಯಿ ಬಾಯಿ ಹಾಕುತ್ತದೆ. ಮೈಲುತುತ್ತದ ಖಾಲಿ ಚೀಲವನ್ನು ತೊಳೆದು ನಾಯಿಗೆ ಹಾಸುವುದೂ ಬೇಡ. ಅಡಿಕೆ ಸುಲಿಯುವ ಕಾಲದಲ್ಲಿ ಮೆಟ್ಟುಗತ್ತಿಯ ಸುತ್ತ ನಾಯಿ ಮಕ್ಕಳು ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಓಡದ ಹಾಗೆ ನೋಡಿಕೊಳ್ಳಿ.

ನಾಯಿ ಅಂಗಳದಲ್ಲಿ ಗಲೀಜು ಮಾಡಿದ್ದನ್ನು ಅಲ್ಲೇ ಬಿಡಬೇಡಿ. ಕೊಕ್ಕೆ ಹುಳದ ಮೊಟ್ಟೆ ಅದರಲ್ಲಿ ಇರುತ್ತದೆ. ತೇವದ ಮಣ್ಣಲ್ಲಿ, ಮರಳಲ್ಲಿ ಮರಿಯಾಗಿ ಬರಿಗಾಲಿನ ಚರ್ಮದೊಳಗೆ ಹೊಕ್ಕುತ್ತದೆ. ಆಮೇಲೆ ಮಗುವಿನ ಪಾದದ ಮೇಲೆ ಹಾವಿನಂತೆ ಬಳುಕುವ ಕೆಂಪು ಗೆರೆ, ರಾತ್ರಿಯಿಡೀ ತುರಿಕೆ. ಕಾರವಾರದ ಕಡಲ ದಂಡೆಗೆ ಮಕ್ಕಳನ್ನು ಕರೆದುಕೊಂಡು ಹೋಗುವವರು ಒಣ ಮರಳಿನಲ್ಲಿ ಆಡಿಸುವ ಬದಲು ಅಲೆ ಬಂದು ತೊಳೆದು ಹೋಗುವ ಕಡೆ ಆಡಿಸಿ. ಮರಿಗೆ ಎರಡು ವಾರ ತುಂಬಿದಾಗಿನಿಂದ ಮೂರು ತಿಂಗಳಾಗುವವರೆಗೆ ಹದಿನೈದು ದಿನಕ್ಕೊಮ್ಮೆ, ದೊಡ್ಡದಕ್ಕೆ ಮೂರು ತಿಂಗಳಿಗೊಮ್ಮೆ ಹುಳದ ಔಷಧಿ ಕೊಡಿಸಿ. ಮೂರು ತಿಂಗಳಾದಾಗ ರೇಬೀಸ್ ಲಸಿಕೆ, ಆಮೇಲೆ ಡಾಕ್ಟರು ಹೇಳಿದ ದಿನ ಇನ್ನೊಂದು, ಅಲ್ಲಿಂದ ವರ್ಷಕ್ಕೊಂದು. ಕಾರ್ಡನ್ನು ರೇಷನ್ ಕಾರ್ಡಿನ ಜೊತೆಗೇ ಇಡಿ.

ರಾತ್ರಿ ನಾಯಿಯನ್ನು ಅಂಗಳದಲ್ಲಿ ಕಟ್ಟಿ ಬಿಡಬೇಡಿ. ಕಟ್ಟಿದ ನಾಯಿ ಅಂದರೆ ಚಿರತೆಗೆ ಸುಲಭದ ಊಟ. ಬಾಗಿಲಿರುವ ಕಡೆ, ಕೊಟ್ಟಿಗೆಯಲ್ಲೋ ಜಗುಲಿಯ ಒಳಗೋ ಮಲಗಿಸಿ. ದೊಡ್ಡಹಬ್ಬದ (ದೀಪಾವಳಿಯ) ಪಟಾಕಿ ಸದ್ದಿಗೂ ಒಳಕೋಣೆಯೇ ಸರಿ, ಹೆದರಿದ ನಾಯಿಯ ಹತ್ತಿರ ಮಕ್ಕಳನ್ನು ಬಿಡಬೇಡಿ.

ಇಷ್ಟೆಲ್ಲ ಮಾಡಿದ ಮೇಲೂ ಹಲ್ಲು ತಾಗಬಹುದು, ಉಗುರು ಗೀರಬಹುದು. ಮನೆಯ ನಾಯಿಯೇ ಆಗಲಿ, ರಸ್ತೆಯ ಮರಿಯೇ ಆಗಲಿ, ಮೊದಲ ಕೆಲಸ ನಲ್ಲಿಯ ಅಡಿ ಗಾಯ ಹಿಡಿದು ಸೋಪು ಹಚ್ಚಿ 15 ನಿಮಿಷ ತೊಳೆಯುವುದು. ಮಗು ಅಳುತ್ತದೆ, ಅಳಲಿ, ಗಡಿಯಾರ ನೋಡಿಕೊಂಡೇ ತೊಳೆಯಿರಿ. ಅರಿಶಿನ, ಸುಣ್ಣ, ಮೆಣಸಿನ ಪುಡಿ, ಕಾಫಿ ಪುಡಿ ಏನೂ ಹಚ್ಚಬೇಡಿ, ಬಿಗಿಯಾಗಿ ಬಟ್ಟೆ ಕಟ್ಟಬೇಡಿ. ಸೀದಾ ಸರ್ಕಾರಿ ಆಸ್ಪತ್ರೆಗೆ ಹೋಗಿ. ಸೂಜಿ ಈಗ ಹೊಕ್ಕುಳಿನ ಸುತ್ತ ಅಲ್ಲ, ತೋಳಿಗೆ. ರಕ್ತ ಬಂದ ಗಾಯವಾದರೆ ಗಾಯದ ಸುತ್ತ ಇನ್ನೊಂದು ಔಷಧಿಯನ್ನೂ ಚುಚ್ಚುತ್ತಾರೆ, ಅದನ್ನು ಕೇಳಿಯೇ ಹಾಕಿಸಿಕೊಳ್ಳಿ. ರೇಬೀಸ್ ಲಕ್ಷಣ ಒಮ್ಮೆ ಶುರುವಾದರೆ ಉಳಿಸುವ ಮದ್ದಿಲ್ಲ, ಹಾಗಾಗಿ ನಾಳೆ ನೋಡೋಣ ಅನ್ನುವ ಮಾತೇ ಬೇಡ.

ಮಕ್ಕಳು ಬೈಗುಳಕ್ಕೆ ಹೆದರಿ ಗೀರು ಗಾಯವನ್ನು ಅಂಗಿಯ ತೋಳಿನೊಳಗೆ ಮುಚ್ಚಿಡುತ್ತಾರೆ. ಶಾಲೆಯಿಂದ ಬರುವ ದಾರಿಯಲ್ಲಿ ಮರಿ ಎತ್ತಿಕೊಂಡು ಆಡಿದ್ದನ್ನಂತೂ ಹೇಳುವುದೇ ಇಲ್ಲ. "ನಾಯಿ ಏನು ಮಾಡಿದರೂ ಅಮ್ಮಮ್ಮನಿಗೆ ಹೇಳು ಪುಟ್ಟಾ, ನಾನು ಬೈಯೋದಿಲ್ಲ" ಅಂತ ಈಗಲೇ ಹೇಳಿಟ್ಟಿರಿ, ಹೇಳಿದ ದಿನ ನಿಜವಾಗಿಯೂ ಬೈಯಬೇಡಿ. ಸ್ನಾನ ಮಾಡಿಸುವಾಗ ಮೊಣಕೈ, ಮೊಣಕಾಲ ಹಿಂದೆ, ಪಾದ ನೋಡಿ. ಲಸಿಕೆ ತೋಳಿನ ಚರ್ಮದೊಳಗೆ ಕೊಡುವುದಾದರೆ ಮೊದಲ ದಿನ, ಅಲ್ಲಿಂದ ಮೂರನೇ, ಏಳನೇ, 28ನೇ ದಿನ. ಗಾಯ ವಾಸಿಯಾಯಿತಲ್ಲ ಅಂತ ಕೊನೆಯದನ್ನು ಬಿಡುವವರು ಜಾಸ್ತಿ. ಆಸ್ಪತ್ರೆಯಿಂದ ಬಂದ ದಿನವೇ ಗೋಡೆಯ ಕ್ಯಾಲೆಂಡರಿನಲ್ಲಿ ಎಲ್ಲ ದಿನಗಳಿಗೂ ಕೆಂಪು ಗುರುತು ಹಾಕಿ.